ತಕ್ಕಡಿ ತೂಗದ ತೂತು

ಕಲ್ಯಾಣದುರ್ಗದಿಂದ ಎಂಟನೆಯ ತರಗತಿಯ ಬಾಲಕಿಯೊಬ್ಬಳು ಈ ಅಂಕಣಕ್ಕೆ ಒಂದು ಪ್ರಶ್ನೆ ಬರೆದು ಕಳುಹಿಸಿದ್ದಾಳೆ. ಟಿ.ವಿ.ಯಲ್ಲಿ ಹಳೆಯ ಇಂಗ್ಲಿಷ್ ಚಿತ್ರವೊಂದು ಬರುತ್ತಿತ್ತಂತೆ. ಪಿಯಾನೊ ಮುಂದೆ ಯಾರೂ ಕುಳಿತಿಲ್ಲ. ಆದರೂ ಅದರ ಕಪ್ಪು ಬಿಳುಪು ಮನೆಗಳು ತಮ್ಮಷ್ಟಕ್ಕೆ ತಾವೇ ತಗ್ಗಿ ಏಳುತ್ತಿದ್ದವು, ಹಾಡು ಹೊರಡುತ್ತಿತ್ತು. "ಇದು ಸಿನಿಮಾದವರ ಕೈಚಳಕವೋ, ನಿಜವಾಗಿಯೂ ಇಂಥ ಪಿಯಾನೊ ಇದೆಯೋ?" ಎಂದು ಕೇಳಿದ್ದಾಳೆ.

ಇದೆ, ಮಗು. ಅದಕ್ಕೆ ಪ್ಲೇಯರ್ ಪಿಯಾನೊ ಎನ್ನುತ್ತಾರೆ. ಪಿಯಾನೋಲ ಎಂಬ ಹೆಸರೂ ರೂಢಿಯಲ್ಲಿತ್ತು. ಅದರೊಳಗೆ ದೆವ್ವವಿಲ್ಲ. ಮೊದಮೊದಲಿನವುಗಳಲ್ಲಿ ಕರೆಂಟೂ ಇರಲಿಲ್ಲ. ಒಂದು ಸುರುಳಿ ಕಾಗದ, ಕಾಗದದ ತುಂಬ ತೂತು, ತೂತಿನಲ್ಲಿ ನುಗ್ಗುವ ಗಾಳಿ, ಇಷ್ಟೇ ಅದರ ಬಂಡವಾಳ. ಈ ಬಂಡವಾಳದ ವ್ಯವಹಾರವನ್ನು ನೋಡಲು ವಿಲಾಯಿತಿಗೆ ಹೋಗಬೇಕಾಗಿಲ್ಲ. ಬೇಸಿಗೆ ರಜೆಗೆ ನಮ್ಮ ಹಿಂದೂಪುರಕ್ಕೆ ಬಂದರೆ ಸಾಕು. ಪಿಯಾನೊ ತೋರಿಸುವ ಅನುಕೂಲ ನಮಗಿಲ್ಲ. ಅದರ ಅಣ್ಣನನ್ನಂತೂ ತೋರಿಸಬಲ್ಲೆವು.

ಆ ಅಣ್ಣ ಇರುವುದು ನೇಕಾರರ ಮನೆಯಲ್ಲಿ, ಮಗ್ಗದ ನೆತ್ತಿಯ ಮೇಲೆ. ಹಿಂದೂಪುರದ ಪಕ್ಕದ ಮುದಿರೆಡ್ಡಿಪಲ್ಲಿಯಿಂದ ಹಿಡಿದು ಧರ್ಮಾವರದವರೆಗೆ ಜರಿ ಅಂಚಿನ ಸೀರೆ ನೇಯುವ ಮನೆಗಳನ್ನು ಹೊಕ್ಕವರಿಗೆ ಇದು ಗೊತ್ತು. ಮಗ್ಗದ ಮೇಲೆ ಪೆಟ್ಟಿಗೆಯಂತಹ ಒಂದು ಯಂತ್ರ. ಅದರ ಮಗ್ಗುಲಲ್ಲಿ ದಾರದಿಂದ ಹೊಲಿದ ರಟ್ಟಿನ ಪಟ್ಟಿಗಳ ಮಾಲೆ ಇಳಿಬಿದ್ದಿರುತ್ತದೆ. ನೇಕಾರ ಕಾಲುಮಣೆ ತುಳಿದಾಗಲೆಲ್ಲ ಟಕ್ ಎಂದು ಒಂದು ಪಟ್ಟಿ ಮುಂದಕ್ಕೆ ಸರಿಯುತ್ತದೆ. ಯಂತ್ರದ ಹೆಸರು ಜಕಾರ್ಡ್, ಪಟ್ಟಿಯ ಹೆಸರು ಕಾರ್ಡು. ರೇಷ್ಮೆಯ ವಿಷಯದಲ್ಲಿ ನಮ್ಮ ಮನೆಗಳಲ್ಲಿರುವ ಅಭ್ಯಂತರ ವಾಚಕರಿಗೆ ತಿಳಿದದ್ದೇ. ಇಲ್ಲಿ ನಮ್ಮ ಮಾತು ನೂಲಿನದಲ್ಲ, ಕಾಗದದ್ದು. ಹತ್ತಿ ನೂಲಿಗೂ ಇದೇ ಕಾರ್ಡು, ಇದೇ ಲೆಕ್ಕ.

ಬಟ್ಟೆ ಎಂದರೆ ಹಾಸು ಮತ್ತು ಹೊಕ್ಕು. ಉದ್ದಕ್ಕೆ ಬಿಗಿದಿರುವುದು ಹಾಸು, ಲಾಳಿಯೊಡನೆ ಅಡ್ಡಕ್ಕೆ ಓಡುವುದು ಹೊಕ್ಕು. ಪ್ರತಿ ಸಲ ಲಾಳಿ ಓಡುವ ಮುನ್ನ ಯಾವ ಹಾಸಿನ ಎಳೆ ಮೇಲೇಳಬೇಕು, ಯಾವುದು ಕೆಳಗಿರಬೇಕು ಎಂಬುದೇ ಚಿತ್ತಾರದ ಗುಟ್ಟು. ಯಂತ್ರದಲ್ಲಿ ಎಳೆಗಳನ್ನು ಎತ್ತುವ ಕೊಕ್ಕೆಗಳಿವೆ. ನಮ್ಮ ಕಡೆಯ ಕೈಮಗ್ಗಗಳಲ್ಲಿ 120 ಅಥವಾ 240 ಕೊಕ್ಕೆಯ ಯಂತ್ರಗಳು ಸಾಮಾನ್ಯ. ಒಂದೊಂದು ಕೊಕ್ಕೆಗೆ ಒಂದೊಂದು ಅಡ್ಡ ಸೂಜಿ. ಕಾರ್ಡು ಬಂದು ಸೂಜಿಗಳ ಮೊನೆಗೆ ಒತ್ತುತ್ತದೆ. ಎದುರಿಗೆ ತೂತಿದ್ದರೆ ಸೂಜಿ ಅದರೊಳಗೆ ತೂರುತ್ತದೆ, ಕೊಕ್ಕೆ ನೆಟ್ಟಗೆ ನಿಲ್ಲುತ್ತದೆ, ಕಾಲುಮಣೆ ತುಳಿದಾಗ ಎಳೆಯನ್ನೂ ಎತ್ತಿಕೊಂಡು ಮೇಲೇರುತ್ತದೆ. ತೂತಿಲ್ಲದಿದ್ದರೆ ರಟ್ಟು ಸೂಜಿಯನ್ನು ಹಿಂದೆ ತಳ್ಳುತ್ತದೆ, ಕೊಕ್ಕೆ ಓರೆಯಾಗಿ ಜಾರುತ್ತದೆ, ಎಳೆ ಇದ್ದಲ್ಲೇ ಉಳಿಯುತ್ತದೆ. ತೂತು ಎಂದರೆ 'ಏಳು', ಬರಿ ರಟ್ಟು ಎಂದರೆ 'ಇರು'. ಈ ಎರಡೇ ಮಾತಿನಲ್ಲಿ ನವಿಲು, ಹಂಸ, ಮಾವಿನಕಾಯಿ, ಗೋಪುರ ಎಲ್ಲವೂ ಬರುತ್ತವೆ.

ಒಂದು ಹೊಕ್ಕಿಗೆ ಒಂದು ಕಾರ್ಡು. ಅಂಗುಲಕ್ಕೆ 60 ಹೊಕ್ಕು ಎಂದಿಟ್ಟುಕೊಂಡರೆ 4 ಅಂಗುಲ ಉದ್ದದ ಬಳ್ಳಿಗೆ 240 ಕಾರ್ಡು ಬೇಕು. ಅಂಚಿನಲ್ಲಿ ಅದೇ ಬಳ್ಳಿ ಮತ್ತೆ ಮತ್ತೆ ಬರುವುದರಿಂದ ಮಾಲೆಯ ತಲೆ ಬಾಲ ಕೂಡಿಸಿ ಸುತ್ತು ತಿರುಗಿಸಬಹುದು. ಸೆರಗು ಹಾಗಲ್ಲ. 30 ಅಂಗುಲದ ಸೆರಗಿನಲ್ಲಿ ಚಿತ್ರ ಎಲ್ಲಿಯೂ ಮರುಕಳಿಸದಿದ್ದರೆ 1800 ಕಾರ್ಡು. ಒಂದೊಂದರಲ್ಲೂ ತೂತುಗಳು ಒಂದು ಕೂದಲೂ ತಪ್ಪದಂತೆ ಬೀಳಬೇಕು.

ಈ ತೂತು ಹೊಡೆಯುವವನು ಬೇರೆ ಕುಶಲಿ. ಮೊದಲು ಚಿತ್ತಾರವನ್ನು ಚೌಕುಳಿ ಕಾಗದದ ಮೇಲೆ ಬಣ್ಣ ತುಂಬಿ ಬರೆಯುತ್ತಾರೆ. ಒಂದು ಅಡ್ಡ ಸಾಲಿಗೆ ಒಂದು ಕಾರ್ಡು. ಕುಶಲಿ ಸಾಲನ್ನು ಓದುತ್ತಾ ಹೋಗುತ್ತಾನೆ, ಕೈ ಹೊಡೆಯುತ್ತಾ ಹೋಗುತ್ತದೆ. ಸಣ್ಣ ಕೆಲಸಕ್ಕೆ ಉಳಿ ಸುತ್ತಿಗೆ ಸಾಕು. ದೊಡ್ಡ ಕೆಲಸಕ್ಕೆ ಒಂದು ಯಂತ್ರವಿದೆ. ಹತ್ತು ಬೆರಳಿಗೂ ಕೆಲಸ ಕೊಡುವ ಮನೆಗಳು ಅದರ ಮುಂದುಗಡೆ ಇರುತ್ತವೆ. ಬೆರಳು ಒತ್ತಿ ಕಾಲಲ್ಲಿ ತುಳಿದರೆ ಒತ್ತಿದಷ್ಟು ತೂತು ಬೀಳುತ್ತದೆ. ಜವಳಿ ವಿದ್ಯೆಯಲ್ಲಿ ಈ ಯಂತ್ರಕ್ಕೆ ಹೆಸರೇನು ಬಲ್ಲಿರಾ? ಪಿಯಾನೊ ಕಾರ್ಡ್ ಕಟಿಂಗ್ ಯಂತ್ರ! ಪಿಯಾನೊ ನುಡಿಸಿದ ಹಾಗೆ ನುಡಿಸಿ ತೂತು ಹೊಡೆಯುವುದರಿಂದ ಆ ಹೆಸರು. ಅಣ್ಣ ತಮ್ಮಂದಿರೆಂದು ನಾವು ಹೇಳಿದ್ದು ಬರಿ ಅಲಂಕಾರಕ್ಕಲ್ಲ.

ಇವರ ಮನೆತನ ಫ್ರಾನ್ಸ್ ದೇಶದ ಲಿಯೋನ್ ಪಟ್ಟಣದ್ದು. ಅದೂ ನಮ್ಮ ಧರ್ಮಾವರದಂತೆ ಪಟ್ಟೆಯ ಊರು. ಹಿಂದೆ ಅಲ್ಲಿ ಚಿತ್ತಾರದ ಬಟ್ಟೆ ನೇಯಲು ಮಗ್ಗದ ಪಕ್ಕದಲ್ಲಿ ಒಬ್ಬ ಹುಡುಗ ದಿನವಿಡೀ ದಾರದ ಗೊಂಚಲುಗಳನ್ನು ಎಳೆಯುತ್ತಾ ನಿಲ್ಲಬೇಕಿತ್ತು. ನಮ್ಮ ಬನಾರಸಿನಲ್ಲಿಯೂ ದಾರದಲ್ಲೇ ಚಿತ್ರ ಕಟ್ಟಿಟ್ಟು ಎಳೆಯುವ ಪದ್ಧತಿಯಿತ್ತು. 1725ರಲ್ಲಿ ಬೆಸಿಲ್ ಬೂಶೊಂ ಎಂಬಾತ ಆ ಹುಡುಗನ ನೆನಪಿನ ಕೆಲಸವನ್ನು ತೂತು ಹೊಡೆದ ಕಾಗದದ ಸುರುಳಿಗೆ ಒಪ್ಪಿಸಿದ. ಆತ ಆರ್ಗನ್ ವಾದ್ಯ ಮಾಡುವವನ ಮಗನಂತೆ. ಸುರುಳಿ ಹರಿಯುತ್ತದೆಂದು ಮೂರು ವರ್ಷದ ಮೇಲೆ ಫಾಲ್ಕನ್ ಎಂಬವನು ರಟ್ಟಿನ ಕಾರ್ಡುಗಳ ಮಾಲೆ ಮಾಡಿದ. ಇದನ್ನೆಲ್ಲ ಕೂಡಿಸಿ, ಒಬ್ಬನೇ ನೇಕಾರ ಕಾಲಿನಿಂದ ನಡೆಸಬಲ್ಲ ಯಂತ್ರವಾಗಿ ಮಾಡಿದವನು ಜೋಸೆಫ್ ಮರೀ ಜಕಾರ್ಡ್, ವರ್ಷ 1804. ಆತ ತೀರಿಕೊಂಡ ಮೇಲೆ, 1839ರಲ್ಲಿ, ಅವನದೇ ಭಾವಚಿತ್ರವನ್ನು ಆ ಯಂತ್ರದಲ್ಲಿ ರೇಷ್ಮೆಯಲ್ಲಿ ನೇಯ್ದರು. ಅದಕ್ಕೆ ಹಿಡಿದ ಕಾರ್ಡು ಸುಮಾರು 24,000! ಗಣಕಯಂತ್ರದ ಕನಸು ಕಂಡ ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ ಆ ಚಿತ್ರವನ್ನು ತನ್ನ ಮನೆಯಲ್ಲಿಟ್ಟುಕೊಂಡು ಬಂದವರಿಗೆ ತೋರಿಸುತ್ತಿದ್ದ.

ಕಾಗದದ ತೂತು ನೂಲನ್ನು ಎತ್ತುವುದಾದರೆ ಸ್ವರವನ್ನೇಕೆ ಎತ್ತಬಾರದು? ಹಲವರು ಪ್ರಯತ್ನಿಸಿದರು. ಅಮೆರಿಕದ ಡೆಟ್ರಾಯಿಟಿನಲ್ಲಿ ಎಡ್ವಿನ್ ವೋಟಿ ಎಂಬಾತ 1895ರಲ್ಲಿ ಮಾಡಿದ ಪೆಟ್ಟಿಗೆಯೇ ಪಿಯಾನೋಲ. ಮೊದಲು ಅದು ಪಿಯಾನೊದ ಒಳಗಿರಲಿಲ್ಲ. ಬೀರುವಿನಂತಹ ಪೆಟ್ಟಿಗೆಯನ್ನು ಪಿಯಾನೊ ಮುಂದೆ ತಂದು ನಿಲ್ಲಿಸಿದರೆ ಅದರ ಬೆನ್ನಿಗಿದ್ದ 65 ಮರದ ಬೆರಳುಗಳು ಮನೆಗಳನ್ನು ಒತ್ತುತ್ತಿದ್ದವು. ಅನಂತರ ಎಲ್ಲವನ್ನೂ ಪಿಯಾನೊದ ಹೊಟ್ಟೆಯೊಳಗೇ ಸೇರಿಸಿದರು.

ಅದರ ಕೆಲಸ ತಿಳಿಯಲು ಹಾರ್ಮೋನಿಯಂ ನೆನಪಿಗೆ ತಂದುಕೊಳ್ಳಿ. ಕಲ್ಯಾಣದುರ್ಗದ ಕಡೆ ಪೌರಾಣಿಕ ಪದ್ಯನಾಟಕ ನೋಡಿದವರಿಗೆ ಅದರ ತಿದಿ ಗೊತ್ತು. ಹಾರ್ಮೋನಿಯಂ ತಿದಿ ಗಾಳಿಯನ್ನು ಒಳಗಿನಿಂದ ಹೊರಕ್ಕೆ ದಬ್ಬುತ್ತದೆ. ಪಿಯಾನೋಲದ ತಿದಿ ಅದಕ್ಕೆ ತದ್ವಿರುದ್ಧ. ಕುಳಿತವನು ಎರಡು ಕಾಲುಮಣೆ ತುಳಿದರೆ ಅದು ಪೆಟ್ಟಿಗೆಯೊಳಗಿನ ಗಾಳಿಯನ್ನು ಹೀರಿ ತೆಗೆಯುತ್ತದೆ. ಒಳಗೆ ಗಾಳಿ ತೆಳುವಾದಾಗ ಹೊರಗಿನ ಗಾಳಿ ಸಂದು ಸಿಕ್ಕರೆ ನುಗ್ಗಲು ಕಾದಿರುತ್ತದೆ. ಸಂದು ಎಲ್ಲಿದೆ? ಎದುರಿಗೆ ಒಂದು ಹಿತ್ತಾಳೆಯ ಪಟ್ಟಿ, ಅದರಲ್ಲಿ ಸಾಲಾಗಿ 88 ಸಣ್ಣ ಕಿಂಡಿ. ಪಿಯಾನೊ ಮನೆಗಳೂ 88. ಒಂದೊಂದು ಕಿಂಡಿಯಿಂದ ಒಂದೊಂದು ಕೊಳವೆ ಒಳಕ್ಕೆ ಹೋಗುತ್ತದೆ. ಈ ಪಟ್ಟಿಯ ಮೇಲೆ ಕಾಗದದ ಸುರುಳಿ ಬಿಗಿಯಾಗಿ ಹಾಯುತ್ತಿರುವಷ್ಟು ಹೊತ್ತು ಕಿಂಡಿಗಳೆಲ್ಲ ಮುಚ್ಚಿರುತ್ತವೆ.

ಕಾಗದದ ತೂತು ಕಿಂಡಿಯ ಮೇಲೆ ಬಂತೋ, ಗಾಳಿ ಒಳಗೆ ನುಗ್ಗಿತು. ಕೊಳವೆಯ ಕೊನೆಯಲ್ಲಿರುವ ತೆಳು ತೊಗಲಿನ ಪೊರೆ ಉಬ್ಬಿತು. ಪೊರೆ ಒಂದು ಚಿಕ್ಕ ಬಿರಡೆಯನ್ನು ಎತ್ತಿತು. ಆ ಸ್ವರಕ್ಕೆಂದೇ ಇರುವ ಪುಟ್ಟ ತಿದಿಯೊಳಗಿನ ಗಾಳಿಯನ್ನು ದೊಡ್ಡ ತಿದಿ ಹೀರಿಕೊಂಡಿತು, ಪುಟ್ಟ ತಿದಿ ಚಪ್ಪಟೆಯಾಗಿ ಕುಸಿಯಿತು. ಕುಸಿಯುವಾಗ ಒಂದು ಕಡ್ಡಿಯನ್ನು ತಳ್ಳಿತು. ಸುತ್ತಿಗೆ ತಂತಿಗೆ ಬಡಿಯಿತು, ಸ್ವರ ಹೊರಟಿತು. ಇಷ್ಟೆಲ್ಲ ಕಣ್ಣು ಮಿಟುಕಿಸುವುದರೊಳಗೆ! ತೂತು ದಾಟಿದೊಡನೆ ಕಿಂಡಿ ಮುಚ್ಚುತ್ತದೆ, ಕೊಳವೆಯಲ್ಲಿ ಉಳಿದ ಗಾಳಿ ಸಣ್ಣ ಸೂಜಿರಂಧ್ರದಿಂದ ಸೋರಿ ಹೋಗುತ್ತದೆ, ಎಲ್ಲವೂ ಮೊದಲಿನ ಸ್ಥಿತಿಗೆ ಬರುತ್ತದೆ. ಚಿಕ್ಕ ತೂತಿಗೆ ಚಿಕ್ಕ ಸ್ವರ, ಉದ್ದ ಸೀಳಿಗೆ ಉದ್ದ ಸ್ವರ. ಮೂರು ತೂತು ಒಟ್ಟಿಗೆ ಬಂದರೆ ಮೂರು ಸ್ವರ ಒಟ್ಟಿಗೆ. ಸುರುಳಿಯನ್ನು ತಿರುಗಿಸುವುದೂ ಇದೇ ಹೀರುಗಾಳಿ. ಸುರುಳಿಯ ತಲೆಯ ಮೇಲೆ ವೇಗ ಬರೆದಿರುತ್ತದೆ. 70 ಎಂದಿದ್ದರೆ ನಿಮಿಷಕ್ಕೆ 7 ಅಡಿ ಕಾಗದ ಓಡಬೇಕೆಂದು ಅರ್ಥ.

ವ್ಯಾಪಾರಿಯ ಕಣ್ಣಿಗೆ ಇಲ್ಲೊಂದು ಸೊಗಸಾದ ಸಂಗತಿ ಇದೆ. ಮೊದಲು ಒಬ್ಬೊಬ್ಬ ತಯಾರಕನ ಸುರುಳಿ ಒಂದೊಂದು ಅಳತೆ. ಒಬ್ಬನ ಕಾಗದ ಇನ್ನೊಬ್ಬನ ಪಿಯಾನೊಗೆ ಕೂಡದು. 1908ರಲ್ಲಿ ಅಮೆರಿಕದ ತಯಾರಕರು ಬಫೆಲೋ ಪಟ್ಟಣದಲ್ಲಿ ಸೇರಿ ಒಪ್ಪಂದಕ್ಕೆ ಬಂದರು: ಅಗಲ ಹನ್ನೊಂದೂಕಾಲು ಅಂಗುಲ, 88 ಸ್ವರಕ್ಕೆ ಅಂಗುಲಕ್ಕೆ 9 ತೂತು. ಪೈಪೋಟಿಯವರು ಅಳತೆಯಲ್ಲಿ ಒಂದಾದ್ದರಿಂದ ಗಿರಾಕಿ ಉಳಿದ, ವ್ಯಾಪಾರವೂ ಬೆಳೆಯಿತು.

ಕಾಗದ ಸ್ವರವನ್ನು ಹೇಳುತ್ತದೆ. ಬೆರಳಿನ ಒತ್ತಡವನ್ನು, ಮನಸ್ಸಿನ ಏರಿಳಿತವನ್ನು ಹೇಳಬಲ್ಲದೆ? ಜರ್ಮನಿಯ ವೆಲ್ಟೆ ಎಂಬ ಮನೆತನದವರು 1904ರಲ್ಲಿ ಅದಕ್ಕೂ ದಾರಿ ಹುಡುಕಿದರು. ವಾದಕನು ನುಡಿಸುವಾಗಲೇ ಕಾಗದದಲ್ಲಿ ಗುರುತು ಹಾಕಿಸಿ, ಮೆಲ್ಲಗೆ ಜೋರಾಗಿ ಎನ್ನುವುದಕ್ಕೂ ಅಂಚಿನಲ್ಲಿ ಬೇರೆ ತೂತುಗಳನ್ನಿಟ್ಟರು. ಪ್ರಸಿದ್ಧ ಸಂಗೀತಗಾರ ಗುಸ್ತಾವ್ ಮಾಲರ್ 1905ರ ನವೆಂಬರಿನಲ್ಲಿ ಹೀಗೆ 4 ಸುರುಳಿಗೆ ನುಡಿಸಿದರು. 1911ರಲ್ಲಿ ತೀರಿಕೊಂಡರು. ಅವರ ಕೈಯ ನುಡಿತವೆಂದು ಜಗತ್ತಿಗೆ ಇಂದು ಉಳಿದಿರುವುದು ಆ ತೂತಿನ ಕಾಗದಗಳೇ.

ನಮ್ಮ ಕನ್ನಡ ನಾಡಿಗೂ ಈ ಬಳಗದ ಒಂದು ವಾದ್ಯ ಬಂದಿತ್ತು. ಸಂಗೀತಪ್ರೇಮಿಗಳಾದ ನಾಲ್ವಡಿ ಕೃಷ್ಣರಾಜ ಒಡೆಯರ ಮೈಸೂರು ಅರಮನೆಯ ವಾದ್ಯಗಳಲ್ಲಿ ಕ್ಯಾಲಿಯಾಫೋನ್ ಎಂಬುದೂ ಸೇರಿತ್ತು. ಪಿಯಾನೊದಂತೆ ಅದಕ್ಕೆ ತಂತಿಯಿಲ್ಲ. ಗಾಳಿ ಊದುವ ಸೀಟಿಗಳ ಸಾಲು. ಅವುಗಳಿಗೆ ಅಪ್ಪಣೆ ಕೊಡುವುದು ಮಾತ್ರ ಅದೇ ತೂತಿನ ಸುರುಳಿ.

ಇನ್ನು ಕಾಸಿನ ಮಾತು. ಅಮೆರಿಕದಲ್ಲಿ ಸುರುಳಿಗಳು ಲಕ್ಷಗಟ್ಟಲೆ ಮಾರಾಟವಾದವು. ಹಾಡು ಕಟ್ಟಿದವರು ನಮ್ಮ ಪಾಲೆಲ್ಲಿ ಎಂದು ಕೇಳಿದರು. ಮೊಕದ್ದಮೆ ಅಲ್ಲಿನ ಸುಪ್ರೀಂ ಕೋರ್ಟಿಗೆ ಹೋಯಿತು. 1908ರಲ್ಲಿ ನ್ಯಾಯಾಲಯ ಹೇಳಿದ್ದೇನು? ಈ ತೂತುಗಳನ್ನು ಮನುಷ್ಯ ಕಣ್ಣಿನಿಂದ ಓದಲಾರ, ಇದು ಯಂತ್ರದ ಒಂದು ಭಾಗ, ಆದ್ದರಿಂದ ಇದು ಹಾಡಿನ ಪ್ರತಿಯಲ್ಲ! ಹಾಡು ಕಟ್ಟಿದವನಿಗೆ ಕವಡೆಯೂ ಇಲ್ಲ. ಮರುವರ್ಷವೇ, 1909ರಲ್ಲಿ, ಶಾಸನ ಬದಲಾಯಿಸಿ ಪ್ರತಿಯೊಂದಕ್ಕೆ 2 ಸೆಂಟ್ ಕೊಡಬೇಕೆಂದು ಗೊತ್ತುಮಾಡಿದರು. ತೂತಿಗೂ ಒಡೆಯನಿದ್ದಾನೆ ಎಂದು ಒಪ್ಪಲು ಒಂದು ದೇಶಕ್ಕೆ ಒಂದು ಶಾಸನವೇ ಬೇಕಾಯಿತು.

1920ರ ದಶಕದಲ್ಲಿ ರೇಡಿಯೋ, ಒಳ್ಳೆಯ ಗ್ರಾಮಫೋನ್ ಬಂದವು. 1929ರಲ್ಲಿ ಮಾರುಕಟ್ಟೆ ಕುಸಿಯಿತು. ಪಿಯಾನೋಲದ ಭರಾಟೆ ಅಲ್ಲಿಗೆ ಮುಗಿಯಿತು. ಮನೆಮನೆಯ ಸುರುಳಿಗಳು ಅಟ್ಟ ಸೇರಿ ಒಣಗಿ ಪುಡಿಯಾದವು. ಈಗ ಅವನ್ನು ಹುಡುಕಿ ಕಾಪಾಡುವವರಿದ್ದಾರೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2014ರಿಂದ ಸಾವಿರಾರು ಸುರುಳಿಗಳನ್ನು ಕೂಡಿಹಾಕಿ, ಚಿತ್ರ ತೆಗೆದು, ಮತ್ತೆ ನುಡಿಯುವಂತೆ ಮಾಡುತ್ತಿದ್ದಾರೆ.

ಆ ಬಾಲಕಿಯ ಪ್ರಶ್ನೆಗೆ ಉತ್ತರ ಇಲ್ಲಿಗೆ ಮುಗಿಯಿತು. ನಮ್ಮ ಊರಿನ ಲೆಕ್ಕ ಮಾತ್ರ ಬಾಕಿ ಇದೆ.

ನಮ್ಮದು ಬೆಲ್ಲ, ಬೇಳೆಕಾಳಿನ ಅಂಗಡಿ. ಪಕ್ಕದಲ್ಲೇ ಹಳೆಯ ಕಾಗದ ಕೊಳ್ಳುವ ಮಳಿಗೆ. ಕೆಲವು ವರ್ಷಗಳಿಂದ ಅಲ್ಲಿಗೆ ಗೋಣಿಚೀಲಗಳಲ್ಲಿ ಮಗ್ಗದ ಕಾರ್ಡುಗಳು ಬರುವುದನ್ನು ನೋಡುತ್ತಿದ್ದೇವೆ. ಎಲೆಕ್ಟ್ರಾನಿಕ್ ಜಕಾರ್ಡ್ ಬಂದಿದೆ. ಅದಕ್ಕೆ ರಟ್ಟು ಬೇಡ, ಕಂಪ್ಯೂಟರಿನಲ್ಲಿ ಬರೆದ ಚಿತ್ತಾರವನ್ನು ಬೆರಳುದ್ದದ ಕಡ್ಡಿಯಲ್ಲಿ ತಂದು ಚುಚ್ಚಿದರೆ ಸಾಕು. ಕೆಲವರು ಮಗ್ಗವನ್ನೇ ಬಿಟ್ಟು ಬೆಂಗಳೂರಿನ ಕಾವಲು ಕೆಲಸಕ್ಕೆ ಹೋದರು. ಮನೆ ಖಾಲಿ ಮಾಡುವಾಗ ಕಾರ್ಡಿನ ಮಾಲೆಗಳು ಜಾಗ ತಿನ್ನುತ್ತವೆ. ಕಿಲೋ ಲೆಕ್ಕದಲ್ಲಿ ತೂಗಿ ಕೊಡುತ್ತಾರೆ. ಅವರನ್ನು ದೂರುವಂತಿಲ್ಲ, ಹಸಿದ ಹೊಟ್ಟೆ ಚಿತ್ತಾರ ನೋಡುವುದಿಲ್ಲ.

ಆದರೆ ತಕ್ಕಡಿಯ ಸೋಜಿಗ ನೋಡಿ. ಅದು ತೂಗುವುದು ಉಳಿದ ರಟ್ಟನ್ನು. ಬೆಲೆ ಇರುವುದು ತೆಗೆದುಹಾಕಿದ ಜಾಗಕ್ಕೆ. ಕುಶಲಿ ಹೆಚ್ಚು ತೂತು ಹೊಡೆದಷ್ಟೂ ರದ್ದಿಯಲ್ಲಿ ತೂಕ ಕಡಿಮೆ, ಕಾಸು ಕಡಿಮೆ! ನಲವತ್ತು ವರ್ಷ ತಕ್ಕಡಿ ಹಿಡಿದ ನಮಗೆ ಇದಕ್ಕಿಂತ ವಿಚಿತ್ರವಾದ ಲೆಕ್ಕ ಬೇರೆ ಕಂಡಿಲ್ಲ.

ಒಂದು ಪ್ರಸಂಗ. ನಮ್ಮ ಪರಿಚಯದ ನೇಕಾರರೊಬ್ಬರು ತಂದೆಯ ಕಾಲದ ಜೋಡಿ ಹಂಸದ ಅಂಚಿನ ಕಾರ್ಡುಗಳನ್ನು ಹೀಗೇ ಮಾರಿದರು. ಎರಡು ವರ್ಷದ ಮೇಲೆ ಕಲ್ಯಾಣದುರ್ಗದ ಒಂದು ಮನೆಯವರು ಮಗಳ ಮದುವೆಗೆ ಅಜ್ಜಿಯ ಸೀರೆಯಲ್ಲಿದ್ದ ಅದೇ ಅಂಚು ಬೇಕೆಂದು ಹುಡುಕಿಕೊಂಡು ಬಂದರು. ಅಂಚು ಇವರ ತಂದೆಯದೇ, ಮಗ್ಗವೂ ಇದೆ, ಕಾರ್ಡು ಇಲ್ಲ. ಪುಣ್ಯಕ್ಕೆ ಅಜ್ಜಿಯ ಸೀರೆ ಪೆಟ್ಟಿಗೆಯಲ್ಲಿ ಗಟ್ಟಿಯಾಗಿತ್ತು. ಭೂತಗನ್ನಡಿ ಹಿಡಿದು ಒಂದೊಂದೇ ಹೊಕ್ಕು ಎಣಿಸಿ, ಚೌಕುಳಿ ಕಾಗದಕ್ಕೆ ಇಳಿಸಿ, ಮತ್ತೆ ಕಾರ್ಡು ಹೊಡೆಸಿದರು. ಹಂಸ ಬಂತು. ಆದರೆ ರದ್ದಿಯಿಂದ ಬಂದ ಹಣ ಒಂದು ದಿನದ ಸಂತೆಗೆ ಸಾಲದಷ್ಟು. ಮತ್ತೆ ಹೊಡೆಸಲು ತಗುಲಿದ್ದು ತಿಂಗಳ ಕೂಲಿಗೂ ಮಿಗಿಲು. ಸೀರೆ ಸವೆದು ಹೋಗಿದ್ದರೆ ಯಾವ ಹಣವೂ ಆ ಹಂಸವನ್ನು ತರುತ್ತಿರಲಿಲ್ಲ.

ಕಾನೂನು ಇಲ್ಲವೇ ಎಂದರೆ, ಇದೆ. 1985ರ ಶಾಸನ ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಟ್ಟಿದೆ. 2000ದ ವಿನ್ಯಾಸ ಕಾಯಿದೆಯಲ್ಲಿ ಹೊಸ ಚಿತ್ತಾರವನ್ನು ನೋಂದಾಯಿಸಿದರೆ 10 ವರ್ಷ, ಮತ್ತೆ 5 ವರ್ಷ ರಕ್ಷಣೆ ಉಂಟು. ಧರ್ಮಾವರದ ಸೀರೆಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿದೆ. ಆದರೆ ನೋಂದಣಿ ಹೊಸದಕ್ಕೆ ಮಾತ್ರ, ತಂದೆಯ ಕಾಲದ ಹಂಸಕ್ಕಲ್ಲ. ಭೌಗೋಳಿಕ ಸೂಚಕ ಊರಿನ ಹೆಸರನ್ನು ಕಾಯುತ್ತದೆ, ಒಂದು ಮನೆಯ ಅಟ್ಟವನ್ನು ಕಾಯಲಾರದು. ಅದನ್ನು ಮನೆಯವರೂ ಅವರೊಡನೆ ವ್ಯವಹರಿಸುವ ನಾವೂ ಕಾಯಬೇಕು.

ಆದ್ದರಿಂದ ಜವಳಿ ವ್ಯಾಪಾರದಲ್ಲಿರುವ ನಮ್ಮ ಬಂಧುಗಳಲ್ಲಿ ಮೂರು ಮಾತು. ಒಂದು, ಹೊಸ ಅಂಚಿಗೆ ಬೇಡಿಕೆ ಕೊಡುವಾಗ ಚಿತ್ತಾರ ಬರೆದವನ ಮತ್ತು ಕಾರ್ಡು ಹೊಡೆದವನ ಕೂಲಿಯನ್ನು ಚೀಟಿಯಲ್ಲಿ ಬೇರೆಯಾಗಿ ಬರೆಯಿರಿ. ಸೀರೆಯ ಬೆಲೆಯಲ್ಲಿ ಮುಳುಗಿಸಬೇಡಿ. ಎರಡು, ಕಾರ್ಡು ಯಾರಲ್ಲಿ ಉಳಿಯಬೇಕು, ಅದೇ ಅಂಚನ್ನು ಬೇರೆಯವರಿಗೆ ನೇಯಬಹುದೇ ಎಂಬುದನ್ನು ಮೊದಲೇ ಮಾತಾಡಿಕೊಳ್ಳಿ. ಮೂರು, ನಿಮ್ಮ ನೇಕಾರ ಮಗ್ಗ ಬಿಡುತ್ತಿದ್ದಾನೆಂದು ತಿಳಿದರೆ ಮಾಲೆಗಳನ್ನು ರದ್ದಿಯ ದರಕ್ಕಿಂತ ಮೇಲು ಬೆಲೆಗೆ ಕೊಂಡು, ಒಂದೊಂದಕ್ಕೂ ಆ ಅಂಚಿನ ತುಂಡು ಬಟ್ಟೆ ಕಟ್ಟಿ, ಹೊಡೆದವನ ಹೆಸರು ಬರೆದು, ಗೆದ್ದಲು ತಾಗದಂತೆ ತೂಗುಹಾಕಿ. ಆಗದಿದ್ದರೆ ಚೌಕುಳಿ ಕಾಗದವನ್ನಾದರೂ ಉಳಿಸಿ. ಮನೆಯಲ್ಲಿ ಕಾಲೇಜು ಓದುವ ಮಕ್ಕಳಿದ್ದರೆ ಕಾರ್ಡುಗಳ ಫೋಟೋ ಕ್ರಮವಾಗಿ ತೆಗೆಸಿಡಿ. ಎಲೆಕ್ಟ್ರಾನಿಕ್ ಯಂತ್ರ ಬಂತೆಂದು ಹಳೆಯದು ಸಾಯಬೇಕಿಲ್ಲ. ಎಣಿಸಿ ಒಪ್ಪಿಸುವವರಿದ್ದರೆ ಅದೇ ಹಂಸವನ್ನು ಹೊಸ ಯಂತ್ರವೂ ನೇಯುತ್ತದೆ.

2022ರ ಏಪ್ರಿಲ್‌ನಲ್ಲಿ ಜಿಲ್ಲೆ ಒಡೆದು ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು. ಹದ್ದು ಹೇಗೇ ಬದಲಾಗಲಿ, ಎರಡೂ ಕಡೆ ಪೆಟ್ಟಿಗೆಯಲ್ಲಿ ಮಡಿಸಿಟ್ಟ ಅಜ್ಜಿಯ ಸೀರೆ ಇದ್ದೇ ಇರುತ್ತದೆ. ಅದರ ಅಂಚನ್ನು ಒಮ್ಮೆ ಬೆಳಕಿಗೆ ಹಿಡಿದು ಒಂದು ಅಂಗುಲದಲ್ಲಿ ಎಷ್ಟು ಹೊಕ್ಕು ಇದೆ ಎಂದು ಎಣಿಸಿ ನೋಡಲು ಮಕ್ಕಳಿಗೆ ಹೇಳಿ. ಎಣಿಸಿದ ಸಂಖ್ಯೆಯನ್ನು ನಮಗೆ ಬರೆದರೆ, ಆ ಬಳ್ಳಿಗೆ ಎಷ್ಟು ಕಾರ್ಡು ಬೇಕಾಗಿತ್ತೆಂಬ ಲೆಕ್ಕವನ್ನು ಮುಂದಿನ ಸಂಚಿಕೆಯಲ್ಲಿ ಕೊಡುತ್ತೇವೆ.